ಕತ್ತಲೆ ಟೇಪಲ್ಲಿ ಅಜ್ಜಿ ಅಡಿಕೆ ಸುಲಿಯೋ ಸದ್ದು

ಚಿಕ್ಕಪ್ಪ ಹ್ಯಾಂಡಿಕ್ಯಾಮಲ್ಲಿ ತೆಗೆದಿದ್ದ ಮಿನಿಡಿವಿ (ಡಿಜಿಟಲ್ ವಿಡಿಯೋದ ಚಿಕ್ಕ ಕ್ಯಾಸೆಟ್) ಟೇಪುಗಳು ಹನ್ನೊಂದು, ಬಿಸ್ಕೆಟ್ ಡಬ್ಬದಲ್ಲಿ ಅಟ್ಟದ ಮೇಲಿದ್ವು. ಶಿರಸಿ ಕಡೆ ಮಳೆಗಾಲದ ಥಂಡಿಗೆ ಅವು ಇನ್ನೆಷ್ಟು ವರ್ಷ ಉಳಿತಾವೋ ಅನ್ನೋ ಹೆದರಿಕೆ ಸುಮಾರು ದಿನದಿಂದ ಇತ್ತು, ಈ ಜುಲೈಲಿ ನಾಲ್ಕು ದಿನ ರಜೆ ಹಾಕಿ ಮನೆಗೆ ಹೋದವ ಇದೊಂದೇ ಕೆಲಸ ಅಂತ ಕೂತೆ.

ಮೊದಲ್ನೇ ದಿನ ಕ್ಯಾಮೆರಾನೇ ಟೇಪ್ ತಗೊಳ್ಲಿಲ್ಲ, ಪರದೆ ಮೇಲೆ ನೀರಿನ ಹನಿ ಗುರ್ತು ಬಂತು. ಒಳಗೆ ತಿರುಗೋ ಡ್ರಮ್ ಮೇಲೆ ತೇವ ಕೂತ್ರೆ ಟೇಪ್ ಅದಕ್ಕೆ ಅಂಟ್ಕೊಂಡು ಹರಿದೇ ಹೋಗ್ತದೆ, ಅದಕ್ಕೇ ಅದು ಹಾಗೆ ನಿಂತುಬಿಡೋದು. ಟೇಪಿನ ಬಾಗಿಲು ತೆರೆದಿಟ್ಟು ಬಲ್ಬಿನ ಬಿಸಿ ಸ್ವಲ್ಪ ತಾಗೋ ಹಾಗೆ ಇಟ್ಟೆ, ಎರಡು ತಾಸು ಬೇಕಾಯ್ತು.

ಹಳೆ ಡೆಸ್ಕ್‌ಟಾಪಲ್ಲಿ ಫೈರ್‌ವೈರ್ ಕಾರ್ಡ್ (ಇಂಥ ಕ್ಯಾಮೆರಾನ ಕಂಪ್ಯೂಟರಿಗೆ ಜೋಡಿಸೋದು) ಇತ್ತು, ಕೇಬಲ್ ಹಾಕಿ ವಿನ್‌ಡಿವಿ ಅನ್ನೋ ಚಿಕ್ಕ ಸಾಫ್ಟ್‌ವೇರಲ್ಲಿ ಕ್ಯಾಪ್ಚರ್ ಮಾಡಿದ್ದು, ಅಂದ್ರೆ ಟೇಪ್ ಓಡಿಸ್ತಾ ಕಂಪ್ಯೂಟರಿಗೆ ಇಳಿಸ್ಕೊಂಡಿದ್ದು. ಇದ್ರಲ್ಲಿ ಅವಸರ ನಡಿಯಲ್ಲ, ಒಂದು ತಾಸಿನ ಟೇಪಿಗೆ ಒಂದು ತಾಸೇ ಹಿಡಿತದೆ, ಕಂಪ್ಯೂಟರಲ್ಲಿ 13 ಜಿಬಿ ಹತ್ರ ಜಾಗ ತಿಂತದೆ. ಮೊದಲು ಹೊರಗಿನ ಹಾರ್ಡ್ ಡಿಸ್ಕಿಗೆ ಹಾಕ್ತಿದ್ದೆ, ಅದ್ರಲ್ಲಿ ಫೈಲ್ ಇಡೋ ಪದ್ಧತಿ ಹಳೇ ಫ್ಯಾಟ್ 32, ಒಂದು ಫೈಲ್ 4 ಜಿಬಿ ದಾಟಂಗಿಲ್ಲ, ಹಾಗಾಗಿ ಇಪ್ಪತ್ತು ನಿಮಿಷದ ಹತ್ರ ಬಂದು ನಿಂತೋಯ್ತು. ಆ ಮಿತಿ ಇಲ್ಲದ ಎನ್‌ಟಿಎಫ್‌ಎಸ್ ಪದ್ಧತಿಗೆ ಬದಲಾಯಿಸ್ಕೊಂಡ್ಮೇಲೆ ಸರಿಯಾಯ್ತು. ಮಧ್ಯ ಎರಡ್ಸಲ ಕರೆಂಟ್ ಹೋಗಿ ಮತ್ತೆ ಮೊದ್ಲಿಂದ.

ಕಟ್ ಮಾಡೋದು ಮಾತ್ರ ಬಹಳ ಖುಷಿ ಕೊಡೋ ಕೆಲಸ. ಡಿವಿಯಲ್ಲಿ ಪ್ರತಿ ಫ್ರೇಮೂ ತನ್ನಷ್ಟಕ್ಕೆ ಪೂರ್ತಿ ಇರ್ತದೆ, ಹಿಂದಿಂದು ಮುಂದಿಂದು ಬೇಕಂತಿಲ್ಲ, ಹಾಗಾಗಿ ವರ್ಚುವಲ್‌ಡಬ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರಲ್ಲಿ ಡೈರೆಕ್ಟ್ ಸ್ಟ್ರೀಮ್ ಕಾಪಿ (ಮತ್ತೆ ಕುಗ್ಗಿಸದೆ ಇದ್ದ ಹಾಗೇ ನಕಲು ಮಾಡೋದು) ಇಟ್ಟು ಎಲ್ಲಿ ಬೇಕಾದ್ರೂ ಕತ್ತರಿಸ್ಬಹುದು, ಕ್ವಾಲಿಟಿ ಒಂಚೂರೂ ಇಳಿಯಲ್ಲ. 2006ರ ಮಾರಿಕಾಂಬಾ ಜಾತ್ರೆ ಟೇಪಲ್ಲಿ ಬರೀ ಜನರ ಬೆನ್ನು, ಚಿಕ್ಕಪ್ಪ ಆಫ್ ಮಾಡದೇ ನಡ್ಕೊಂಡು ಹೋದ ನೆಲ, ಅದೆಲ್ಲ ತೆಗೆದು ಹಾಕಿದೆ.

ಆಮೇಲೆ ಬಂದಿದ್ದು ಅಡಿಕೆ ಗೊನೆ ಕೊಯ್ಲಿನ ಟೇಪ್. ರಾತ್ರಿ, ಜಗಲಿಯಲ್ಲಿ ಒಂದೇ ಬಲ್ಬು, ಸಾಲಾಗಿ ಮೆಟ್ಟುಗತ್ತಿ (ಅಡಿಕೆ ಸುಲಿಯೋ ಕತ್ತಿ) ಇಟ್ಕೊಂಡು ಎಲ್ಲರೂ ಹಸಿ ಅಡಿಕೆ ಸುಲಿತಿದಾರೆ, ಅಂಗಳದಲ್ಲಿ ಅಡಿಕೆ ಬೇಯೋ ಹಂಡೆಯ ಹಬೆ. ಚಿತ್ರ ಅಂತ ಹೇಳೋ ಹಾಗೇ ಇಲ್ಲ, ಕಪ್ಪು, ಅದ್ರ ಮೇಲೆ ಕಾಳು ಕಾಳು, ಯಾರ ಮುಖನೂ ಗೊತ್ತಾಗಲ್ಲ, ಬ್ರೈಟ್‌ನೆಸ್ ಏರಿಸಿದ್ರೆ ಕಾಳು ಇನ್ನೂ ಜಾಸ್ತಿ. ಹದಿನಾಲ್ಕು ನಿಮಿಷ ಸೆಲೆಕ್ಟ್ ಮಾಡಿ ಡಿಲೀಟ್ ಒತ್ತಬೇಕು ಅನ್ನೋವಾಗ ಆಸರಿಗೆ ಚಹಾ ತಂದ ಆಯಿ, ಅಂದ್ರೆ ನನ್ನ ಅಮ್ಮ, ಹಿಂದೆ ಬಂದು ನಿಂತಳು.

"ತಮಾ, ನಿಲ್ಸಡ. ಅದು ಅತ್ತೆ ಸುಲೀತಾ ಇಪ್ಪದು."

ನಿಲ್ಲಿಸ್ಬೇಡ ಅಂದಳು, ಅವಳ ಅತ್ತೆ ಅಂದ್ರೆ ನನ್ನ ಅಜ್ಜಿ. ನಂಗೆ ಏನೂ ಕಾಣ್ತಿರ್ಲಿಲ್ಲ. ಹೆಡ್‌ಫೋನ್ ತೆಗೆದು ಸ್ಪೀಕರ್ ಹಾಕಿದೆ. ಉಳಿದವರ ಕತ್ತಿ ಚರಕ್ ಚರಕ್ ಅಂತ ಒಂದೇ ಸಮ ಹೋಗ್ತಿದ್ರೆ ಒಂದು ಕತ್ತಿ ಮಾತ್ರ ಚರಕ್ ಅಂದು ಒಂದು ಗಳಿಗೆ ನಿಂತು ಮತ್ತೆ ಚರಕ್, ಆಮೇಲೆ ಸ್ಟೀಲ್ ಬಕೆಟ್ಟಿಗೆ ಟಣ್. ಅಜ್ಜಿಯ ಎಡಗೈ ಹೆಬ್ಬೆಟ್ಟು ಸರಿ ಮಡಚ್ತಿರ್ಲಿಲ್ಲ, ಪ್ರತಿ ಅಡಿಕೆನೂ ಒಂದ್ಸಲ ತಿರುಗಿಸಿ ಹಿಡಿಬೇಕಿತ್ತು, ಆ ನಿಲ್ಲೋದು ಅದು. ಅಜ್ಜಿ ಹೋಗಿ ಹನ್ನೆರಡು ವರ್ಷ ಆಯ್ತು. ಆಯಿ ಕಣ್ಣು ಮುಚ್ಕೊಂಡು ಒಬ್ಬೊಬ್ಬರನ್ನೇ ಹೇಳ್ತಾ ಹೋದಳು, ಇದು ದೊಡ್ಡಪ್ಪ, ಇದು ಅತ್ತಿಗೆ, ಈಗ ಕೆಮ್ಮಿದ್ದು ಅಪ್ಪಯ್ಯ. ಚಹಾ ಆರಿ ಹೋಯ್ತು.

ಡಿವಿಯಲ್ಲಿ ಸೌಂಡನ್ನ ಕುಗ್ಗಿಸದೆ ಹಾಗೇ ಇಡ್ತಾರೆ, ಈ ಟೇಪಲ್ಲಿ 16 ಬಿಟ್, 48 ಕಿಲೋಹರ್ಟ್ಸ್. ಬೆಳಕು ಸಾಲದೆ ಚಿತ್ರ ಕೆಟ್ರೂ ಸದ್ದು ಅಷ್ಟು ಸ್ಪಷ್ಟ ಉಳಿದಿದ್ದು ಹಾಗೆ. ಆ ಹದಿನಾಲ್ಕು ನಿಮಿಷದಲ್ಲಿ ಒಂದು ಫ್ರೇಮೂ ತೆಗಿಲಿಲ್ಲ, ಸೌಂಡ್ ಮಾತ್ರ ಬೇರೆ ಮಾಡಿ ಆಯಿ ಮೊಬೈಲಿಗೆ ಹಾಕಿಕೊಟ್ಟೆ. ಜಾತ್ರೆ ಟೇಪಲ್ಲಿ ತೆಗೆದಿದ್ದನ್ನೂ ರಾತ್ರಿ ಕೂತು ಮತ್ತೆ ಕೇಳಿದೆ, ಎರಡು ಕಡೆ ಅಜ್ಜಿ ಮಾತು ಸಿಕ್ತು, ವಾಪಸ್ ಸೇರಿಸಿದೆ.

ಇನ್ನು ಒಂದೇ ಟೇಪ್ ಬಾಕಿ. ಅದ್ರ ಸುರುಳಿ ಅಂಚಲ್ಲಿ ಬಿಳಿ ಬೂಸ್ಟು ಹಿಡಿದಿದೆ, ಹಾಗೇ ಹಾಕಿದ್ರೆ ಕ್ಯಾಮೆರಾ ಹೆಡ್ಡಿಗೂ ತಾಗ್ತದೆ. ಮಳೆ ಬಿಡೋವರೆಗೆ ಅದನ್ನ ಮುಟ್ಟಲ್ಲ.