ಡಾಕ್ಟರ್‌ಗೆ ಈಗಲೇ ಫೋನ್ ಮಾಡಬೇಕು ಅಂತ ಹೇಗೆ ಗೊತ್ತಾಗುತ್ತೆ?

ನರ್ಸಿಂಗ್ ಓದುವ ಮಕ್ಕಳು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದು. "ಮ್ಯಾಮ್, ಪೇಷಂಟ್ ಹದಗೆಡ್ತಿದ್ದಾರೆ, ಈಗ್ಲೇ ಡಾಕ್ಟರ್‌ಗೆ ಹೇಳ್ಬೇಕು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?" ಅದೇ ಮಕ್ಕಳು ಇನ್ನೊಂದು ದಿನ ಬೇಸರದಿಂದ ಕೇಳುತ್ತಾರೆ: "ಸ್ಪಾಂಜ್ ಬಾತ್, ಬೆಡ್ ಮೇಕಿಂಗ್, ಉಸಿರು ಎಣಿಸೋದು, ಇದನ್ನೇ ಎಷ್ಟು ದಿನ ಮಾಡೋದು? ನಿಜವಾದ ಕೆಲಸ ಯಾವಾಗ ಕಲಿಸ್ತೀರಿ?"

ನನ್ನ ಮಟ್ಟಿಗೆ ಇವೆರಡೂ ಒಂದೇ ಪ್ರಶ್ನೆ. ಯಾವಾಗ ಕರೆಯಬೇಕು ಅನ್ನುವುದು ಗೊತ್ತಾಗುವುದೇ ಉಸಿರು ಎಣಿಸುವಾಗ, ಮೈ ಒರೆಸುವಾಗ, ಮಗ್ಗುಲು ಬದಲಿಸುವಾಗ. ಬೇರೆ ಯಾವ ಗುಟ್ಟೂ ಇಲ್ಲ.

ಉಸಿರಿನಿಂದಲೇ ಶುರು ಮಾಡುತ್ತೇನೆ. ಯಾವುದಾದರೂ ವಾರ್ಡಿನ ಚಾರ್ಟ್ ತೆಗೆದು ನೋಡಿ. ನಾಡಿ 78, 84, 91 ಅಂತ ಏರಿಳಿದಿರುತ್ತದೆ. ಉಸಿರಿನ ಸಾಲಿನಲ್ಲಿ ಮಾತ್ರ 20, 20, 20. ಇಡೀ ವಾರ್ಡು ಒಂದೇ ಲಯದಲ್ಲಿ ಉಸಿರಾಡುತ್ತದೆಯೇ? ಇಲ್ಲ. ಯಾರೂ ಎಣಿಸಿಲ್ಲ, ಅಷ್ಟೇ. ನಾಡಿಗೆ, ಬಿಪಿಗೆ, ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಅಂತ ಹೇಳುವ ಸ್ಯಾಚುರೇಶನ್‌ಗೆ ಮೆಷಿನ್ ಇದೆ. ಉಸಿರಿಗೆ ಸಾಮಾನ್ಯ ವಾರ್ಡಿನಲ್ಲಿ ಕಣ್ಣು, ಗಡಿಯಾರ ಎರಡೇ. ವಿದ್ಯಾರ್ಥಿಯಾಗಿದ್ದಾಗ ನಾನೂ ಎಣಿಸದೆ 20 ಬರೆದಿದ್ದೇನೆ. ಅದು ಎಂಥ ತಪ್ಪು ಅಂತ ಅರ್ಥವಾಗಿದ್ದು ಒಂದು ರಾತ್ರಿ ಡ್ಯೂಟಿಯಲ್ಲಿ.

ಹೊಟ್ಟೆಯ ಆಪರೇಷನ್ ಆಗಿ ಮೂರನೇ ದಿನದಲ್ಲಿದ್ದ ಹಿರಿಯರೊಬ್ಬರು. ಬೆಳಗಿನ ಜಾವ ಎರಡು ಗಂಟೆ. ನನ್ನ ಜೊತೆಗಿದ್ದ ವಿದ್ಯಾರ್ಥಿನಿ ವೈಟಲ್ಸ್ ತೆಗೆದು ಬಂದಳು. ಬಿಪಿ 116/70. ಜ್ವರ ಇಲ್ಲ. ಸ್ಯಾಚುರೇಶನ್ 95. ನಾಡಿ 104. "ಪರವಾಗಿಲ್ಲ ಅಲ್ವಾ ಸಿಸ್ಟರ್?" ಅಂದಳು. ಉಸಿರು ಎಷ್ಟು ಅಂದೆ. ಸುಮ್ಮನಾದಳು. ಇಬ್ಬರೂ ಹೋದೆವು. ಅವರ ಮಣಿಕಟ್ಟು ಹಿಡಿದು, ನಾಡಿ ನೋಡುವವಳ ಹಾಗೆ ನಿಂತು, ಪೂರ್ತಿ ಒಂದು ನಿಮಿಷ ಎದೆ ಏಳುವುದನ್ನು ಎಣಿಸಿದೆ. 26. ಅಷ್ಟರಲ್ಲಿ ಅವರು ಕಣ್ಣು ಬಿಟ್ಟು ಹುಡುಗಿಯನ್ನು ಕೇಳಿದರು: "ಹಿತ್ತಿಲ ಬಾಗಿಲು ಹಾಕಿದ್ಯಾ?" ಕೈ ಹೊದಿಕೆಯ ಅಂಚನ್ನು ಕೀಳುತ್ತಲೇ ಇತ್ತು. ಸಂಜೆ ಇದೇ ಮನುಷ್ಯ ಮೊಮ್ಮಗಳ ಪರೀಕ್ಷೆಯ ವಿಷಯವನ್ನು ಒಂದಕ್ಷರ ತಪ್ಪದೆ ಹೇಳಿದ್ದರು. "ನಿದ್ದೆಗಣ್ಣು ಇರಬೇಕು" ಅಂದಳು ಹುಡುಗಿ. ಬಗ್ಗಿ ಯೂರಿನ್ ಬ್ಯಾಗ್ ನೋಡಿದೆ. ಮೂರು ಗಂಟೆಯಲ್ಲಿ 40 ಎಂಎಲ್.

ಫೋನ್ ಮಾಡಿದೆವು. ಹೊಲಿಗೆ ಹಾಕಿದ್ದ ಕರುಳು ಒಳಗೇ ಸೋರುತ್ತಿತ್ತು. ಬೆಳಕು ಹರಿಯುವ ಮೊದಲೇ ಮತ್ತೆ ಆಪರೇಷನ್ ಆಯಿತು. ಅವರು ಉಳಿದುಕೊಂಡರು.

ಬಿಪಿ ಚೆನ್ನಾಗಿಯೇ ಇತ್ತಲ್ಲ ಅಂತ ಆ ಹುಡುಗಿ ಆಮೇಲೂ ಕೇಳಿದಳು. ಇದನ್ನು ಎಲ್ಲರೂ ಸರಿಯಾಗಿ ತಿಳಿದುಕೊಳ್ಳಬೇಕು. ಸೋಂಕು ರಕ್ತಕ್ಕೆ ಸೇರಲಿ, ರಕ್ತವೇ ಹರಿದು ಹೋಗುತ್ತಿರಲಿ, ದೇಹ ಬಿಪಿಯನ್ನು ಅಷ್ಟು ಬೇಗ ಬಿಟ್ಟುಕೊಡುವುದಿಲ್ಲ. ರಕ್ತನಾಳಗಳನ್ನು ಬಿಗಿ ಮಾಡುತ್ತದೆ, ಹೃದಯವನ್ನು ಓಡಿಸುತ್ತದೆ, ಹೇಗೋ ಎತ್ತಿ ಹಿಡಿಯುತ್ತದೆ. ಆದರೆ ಜೀವಕೋಶಗಳಿಗೆ ಸಾಕಷ್ಟು ಆಮ್ಲಜನಕ ಸಿಗದೆ ರಕ್ತದಲ್ಲಿ ಆಮ್ಲ ಸೇರಲು ಶುರುವಾಗಿರುತ್ತದೆ. ಅದನ್ನು ಹೊರಗೆ ಹಾಕಲು ಇರುವ ಬೇಗದ ದಾರಿ ಉಸಿರು. ಹಾಗಾಗಿ ಎಷ್ಟೋ ಸಲ ಬಿಪಿ ಇಳಿಯುವುದಕ್ಕೆ ಗಂಟೆಗಟ್ಟಲೆ ಮೊದಲೇ ಉಸಿರು ಏರಿರುತ್ತದೆ. ವಯಸ್ಸಿನ ಹುಡುಗರಲ್ಲಿ ಬಿಪಿ ಕೊನೆಯವರೆಗೂ ನಿಂತು, ಆಮೇಲೆ ಒಮ್ಮೆಲೇ ಕುಸಿಯುತ್ತದೆ. ಬಿಪಿ ಬೀಳಲಿ, ಆಮೇಲೆ ಕರೆಯೋಣ ಅಂತ ಕೂತರೆ ತಡವಾಯಿತು ಅಂತಲೇ ಅರ್ಥ.

ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ ನ್ಯೂಸ್ ಅನ್ನುವ ಸ್ಕೋರ್ ತಂದಿತು. ಪೇಷಂಟ್ ಹದಗೆಡುವುದನ್ನು ಬೇಗ ಹಿಡಿಯುವ ಅಂಕಪಟ್ಟಿ ಅದು. ಉಸಿರು, ಸ್ಯಾಚುರೇಶನ್, ಬಿಪಿ, ನಾಡಿ, ಜ್ವರ, ಎಚ್ಚರ, ಆಕ್ಸಿಜನ್ ಹಾಕಿದ್ದಾರೆಯೇ, ಎಲ್ಲಕ್ಕೂ ಅಂಕ. ನಮ್ಮ ಹಿರಿಯರನ್ನು ಆ ಪಟ್ಟಿಯಲ್ಲಿ ಇಟ್ಟು ನೋಡಿ. ಉಸಿರು 20 ಅಂತ ಸುಮ್ನೆ ಬರೆದಿದ್ದರೆ ಸ್ಯಾಚುರೇಶನ್‌ಗೆ 1, ನಾಡಿಗೆ 1, ಒಟ್ಟು 2. ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಎಣಿಸಿದ 26 ಹಾಕಿ. ಅದೊಂದಕ್ಕೇ 3, ಒಟ್ಟು 5. ಈಗ ಬೇಗ ಬಂದು ನೋಡಲೇಬೇಕು. 2017ರ ಪರಿಷ್ಕರಣೆಯಲ್ಲಿ ಹೊಸದಾಗಿ ಶುರುವಾದ ಗೊಂದಲಕ್ಕೂ 3 ಅಂಕ ಸೇರಿಸಿದರು. ಹಿತ್ತಿಲ ಬಾಗಿಲಿನ ಆ ಮಾತಿಗೆ 3 ಕೊಟ್ಟರೆ ಒಟ್ಟು 8. 7 ಅಥವಾ ಅದಕ್ಕಿಂತ ಹೆಚ್ಚಾದರೆ ತುರ್ತು. ಅದೇ ಪೇಷಂಟ್, ಅದೇ ಹೊತ್ತು. 2 ಎಲ್ಲಿ, 8 ಎಲ್ಲಿ! ನಡುವೆ ಇದ್ದದ್ದು ಒಂದು ನಿಮಿಷದ ಎಣಿಕೆ, ಕಿವಿಗೊಟ್ಟು ಕೇಳಿದ ಒಂದು ಮಾತು.

ಆದ್ದರಿಂದ ಪೂರ್ತಿ 60 ಸೆಕೆಂಡ್ ಎಣಿಸಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ, ಒಂದು ಉಸಿರು ತಪ್ಪಿದರೂ ನಾಲ್ಕರ ವ್ಯತ್ಯಾಸ. "ಉಸಿರು ನೋಡ್ತೀನಿ" ಅಂತ ಹೇಳಬೇಡಿ. ಹೇಳಿದ ಕೂಡಲೇ ಯಾರದ್ದೇ ಆದರೂ ಲಯ ಬದಲಾಗುತ್ತದೆ. ಉಸಿರು ನಿಧಾನವಾದರೂ ಅಷ್ಟೇ ಭಯ ಇರಲಿ. ಮಾರ್ಫಿನ್ ಕೊಟ್ಟ ಪೇಷಂಟ್ ನಿಮಿಷಕ್ಕೆ 8 ಸಲ ಉಸಿರಾಡುತ್ತಿರಬಹುದು. ಮಾಸ್ಕಿನಲ್ಲಿ ಆಕ್ಸಿಜನ್ ಹೋಗುತ್ತಿದ್ದರೆ ಸ್ಯಾಚುರೇಶನ್ 98 ಅಂತಲೇ ತೋರಿಸುತ್ತಿರಬಹುದು. ಒಳಗೆ ಇಂಗಾಲದ ಡೈಆಕ್ಸೈಡ್ ಏರುತ್ತಿರುವುದು ಬೆರಳಿನ ಆ ಕ್ಲಿಪ್‌ಗೆ ಕಾಣುವುದಿಲ್ಲ.

ಇನ್ನು ಸ್ಪಾಂಜ್ ಬಾತ್. ಒಬ್ಬ ಪೇಷಂಟ್‌ನ ಇಡೀ ಮೈಯನ್ನು ತಲೆಯಿಂದ ಕಾಲಿನವರೆಗೆ ಮುಟ್ಟಿ ನೋಡುವ ಅವಕಾಶ ಆಸ್ಪತ್ರೆಯಲ್ಲಿ ಬೇರೆ ಯಾರಿಗಿದೆ ಹೇಳಿ? ಕೈಕಾಲು ನಿನ್ನೆಗಿಂತ ತಣ್ಣಗಿದೆಯೇ? ಒಂದು ಮೀನಖಂಡ ಮಾತ್ರ ಊದಿ ಬೆಚ್ಚಗಿದೆಯೇ? ಹಾಗಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು, ತಿಕ್ಕಬೇಡಿ, ಹೇಳಿ. ಡ್ರಿಪ್ ಹಾಕಿದ ಜಾಗ ಕೆಂಪಾಗಿದೆಯೇ? ಹಿಮ್ಮಡಿಯಲ್ಲಿ, ಬೆನ್ನಿನ ಕೆಳಗೆ ಕೆಂಪು ಕಂಡರೆ ಬೆರಳಿನಿಂದ ಒತ್ತಿ ಬಿಡಿ. ಬಿಳಿಚಿ ಮತ್ತೆ ಕೆಂಪಾದರೆ ರಕ್ತ ಓಡಾಡುತ್ತಿದೆ. ಒತ್ತಿದರೂ ಕೆಂಪು ಹೋಗದಿದ್ದರೆ ಬೆಡ್‌ಸೋರ್, ಅಂದರೆ ಮಲಗಿದಲ್ಲೇ ಒತ್ತಿ ಆಗುವ ಹುಣ್ಣು, ಆಗಲೇ ಶುರುವಾಗಿದೆ. ಕಪ್ಪು ಮೈಬಣ್ಣದಲ್ಲಿ ಇದು ಕಣ್ಣಿಗೆ ಕಾಣುವುದು ಕಷ್ಟ. ಅಲ್ಲಿ ಕೈಯೇ ಹೇಳಬೇಕು: ಸುತ್ತಲಿಗಿಂತ ಬಿಸಿಯೇ, ಗಟ್ಟಿಯೇ, ನೋವಿದೆಯೇ. ಆ ಜಾಗಕ್ಕೆ ಮಸಾಜ್ ಮಾಡುವ ಹಳೆಯ ಅಭ್ಯಾಸ ಬಿಟ್ಟುಬಿಡಿ. ಒಳಗಿನ ಗಾಯ ಜಾಸ್ತಿಯಾಗುತ್ತದೆ.

ಎಲ್ಲಕ್ಕಿಂತ ಮುಖ್ಯ, ಮಗ್ಗುಲು ಬದಲಿಸುವಾಗ ನಿನ್ನೆ ತಾವೇ ಕಂಬಿ ಹಿಡಿದು ತಿರುಗಿದವರು ಇವತ್ತು ಸುಮ್ಮನೆ ಭಾರ ಬಿಟ್ಟಿದ್ದಾರೆಯೇ? ಇದನ್ನು ಯಾವ ಮಾನಿಟರೂ ಹೇಳುವುದಿಲ್ಲ. ನರ್ಸ್ ಹೇಗೆ ಯೋಚಿಸುತ್ತಾಳೆ ಅನ್ನುವುದನ್ನು ಅಮೆರಿಕದ ನರ್ಸಿಂಗ್ ಪ್ರಾಧ್ಯಾಪಕಿ ಕ್ರಿಸ್ಟೀನ್ ಟ್ಯಾನರ್ 2006ರಲ್ಲಿ ನಾಲ್ಕು ಹಂತಗಳಲ್ಲಿ ವಿವರಿಸಿದರು: ಗಮನಿಸುವುದು, ಅರ್ಥ ಮಾಡಿಕೊಳ್ಳುವುದು, ಅದಕ್ಕೆ ತಕ್ಕ ಕೆಲಸ ಮಾಡುವುದು, ಆಮೇಲೆ ತಿರುಗಿ ಯೋಚಿಸುವುದು. ಮಕ್ಕಳು ಎರಡನೆಯದರಲ್ಲಿ ಎಡವುತ್ತೇವೆ ಅಂದುಕೊಳ್ಳುತ್ತಾರೆ. ನಾನು ಕಂಡ ಹಾಗೆ ಎಡವುವುದು ಮೊದಲನೆಯದರಲ್ಲೇ. ನಿನ್ನೆಯ ಪೇಷಂಟ್ ಗೊತ್ತಿಲ್ಲದಿದ್ದರೆ ಇವತ್ತಿನ ಬದಲಾವಣೆ ಹೇಗೆ ಕಾಣಬೇಕು?

ಕಂಡ ಮೇಲೆ ಹೇಳುವುದೂ ಕಲಿಯಬೇಕಾದ ಕೆಲಸವೇ. "ಡಾಕ್ಟ್ರೇ, ಪೇಷಂಟ್ ಯಾಕೋ ಸರಿ ಕಾಣ್ತಿಲ್ಲ" ಅಂದರೆ ಅರ್ಧ ನಿದ್ದೆಯಲ್ಲಿರುವವರಿಗೆ ಏನೂ ಅರ್ಥವಾಗುವುದಿಲ್ಲ. ಅಮೆರಿಕದ ನೌಕಾಪಡೆಯ ಸಬ್‌ಮರೀನ್‌ಗಳಿಂದ ಆಸ್ಪತ್ರೆಗೆ ಬಂದ ಎಸ್‌ಬಾರ್ ಅನ್ನುವ ಕ್ರಮವೊಂದಿದೆ. ಈಗ ಏನಾಗಿದೆ, ಹಿನ್ನೆಲೆ ಏನು, ನನಗೇನು ಅನ್ನಿಸುತ್ತಿದೆ, ನಿಮ್ಮಿಂದ ಏನು ಬೇಕು. ಅವತ್ತು ಆ ಹುಡುಗಿಯ ಕೈಗೇ ಫೋನ್ ಕೊಟ್ಟೆ. ಅವಳು ಚೀಟಿಯಲ್ಲಿ ಬರೆದುಕೊಂಡು ಓದಿದಳು: "ಸರ್, ನಾಲ್ಕನೇ ಬೆಡ್ಡಿನವರ ಉಸಿರು 26, ನಾಡಿ 104, ಹೊಸದಾಗಿ ಗೊಂದಲ ಶುರುವಾಗಿದೆ. ಕರುಳಿನ ಆಪರೇಷನ್ ಆಗಿ ಮೂರನೇ ದಿನ. ಕಳೆದ ಮೂರು ಗಂಟೆಗಳಲ್ಲಿ ಯೂರಿನ್ ಬರೀ 40 ಎಂಎಲ್. ಒಳಗೆ ಸೋಂಕು ಆಗ್ತಿದೆಯೇನೋ ಅನ್ನಿಸ್ತಿದೆ. ನೀವು ಈಗ್ಲೇ ಬಂದು ನೋಡ್ಬೇಕು." ಅರ್ಧ ನಿಮಿಷವೂ ಹಿಡಿಯಲಿಲ್ಲ. ಆ 40 ಯಾಕೆ ಹೇಳಬೇಕಿತ್ತು ಗೊತ್ತೇ? ದೊಡ್ಡವರಲ್ಲಿ ಗಂಟೆಗೆ ಕಿಲೋಗೆ 0.5 ಎಂಎಲ್ ಆದರೂ ಬರಬೇಕು. 60 ಕಿಲೋ ತೂಕದವರಿಗೆ ಮೂರು ಗಂಟೆಗೆ 90.

ಕರೆದು, ಕೊನೆಗೆ ಏನೂ ಇಲ್ಲ ಅಂತಾದರೆ ಬೈಸಿಕೊಳ್ಳಬೇಕಾಗುತ್ತದೆ ಅನ್ನುವ ಭಯ ಎಲ್ಲರಿಗೂ ಇದೆ. ನನಗೂ ಇತ್ತು. ಬೈಸಿಕೊಂಡಿದ್ದೇನೆ ಕೂಡ. ಸುಮ್ಮನಿದ್ದು ಬೆಳಗ್ಗೆ ಆ ಹಾಸಿಗೆ ಖಾಲಿ ನೋಡುವುದಕ್ಕಿಂತ ಅದು ನೂರು ಪಾಲು ವಾಸಿ.

"ಆಯ್ತು, ವಾಚ್ ಮಾಡಿ" ಅಂತ ಉತ್ತರ ಬಂದರೆ ಫೋನ್ ಇಡಬೇಡಿ. "ಎಷ್ಟು ಹೊತ್ತಿಗೊಮ್ಮೆ ನೋಡ್ಲಿ ಸರ್? ಎಷ್ಟಕ್ಕೆ ಹೋದ್ರೆ ಮತ್ತೆ ಕರೀಲಿ?" ಅಂತ ಕೇಳಿ. ಅವರು ಹೇಳಿದ ಅಂಕಿಯನ್ನು, ಗಂಟೆಯನ್ನು ಕೇಸ್ ಶೀಟಿನಲ್ಲಿ ಬರೆಯಿರಿ. ಮನಸ್ಸಿಗೆ ಸಮಾಧಾನ ಆಗದಿದ್ದರೆ ಇನ್‌ಚಾರ್ಜ್ ಸಿಸ್ಟರ್‌ಗೆ ಹೇಳಿ. ಆಮೇಲೆ ವಾಪಸ್ ಬೆಡ್ ಹತ್ತಿರ ಹೋಗಿ, ಮಣಿಕಟ್ಟು ಹಿಡಿದು ಇನ್ನೊಮ್ಮೆ ಎಣಿಸಿ.