ಜೋಡಿ ಕಟ್ಟುವ ಕೈ

ಹಾಸನ
18 ಆಗಸ್ಟ್ 2024, ಭಾನುವಾರ, ರಾತ್ರಿ 10.30

ನಿನ್ನೆ ಬೆಳಗಿನ ಜಾವ ನಮ್ಮ ಉಸ್ತಾದರು, ಗರಡಿಯಲ್ಲಿ ನಮಗೆ ಕುಸ್ತಿ ಕಲಿಸಿದ ಗುರುಗಳು, ತೀರಿಕೊಂಡರು. ನಿನ್ನೆ ರಾತ್ರಿಯೇ ಬರೆಯಲು ಕೂತಿದ್ದೆ, ಒಂದು ಸಾಲೂ ಮುಂದೆ ಹೋಗಲಿಲ್ಲ.

ಐದು ಗಂಟೆಗೆ ಅವರ ಮಗನ ಫೋನ್ ಬಂತು. ‘ಅಪ್ಪ ಹೋಗ್ಬಿಟ್ರು ಕಣಣ್ಣ’ ಅಂದ, ಅಷ್ಟೇ. ಹೊರಗೆ ಸೋನೆ ಹಿಡಿದಿತ್ತು. ಮಘೆ ಆಗ ತಾನೇ ಹುಟ್ಟಿತ್ತು. ‘ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆಮಗ ಉಂಡಷ್ಟೂ ಒಳ್ಳೇದು’ ಅಂತ ಗಾದೆ ಹೇಳುತ್ತಾ ನಮ್ಮ ಲೋಟಕ್ಕೆ ಇನ್ನೊಂದು ಸೌಟು ಬಾದಾಮಿ ಹಾಲು ಸುರಿಯುತ್ತಿದ್ದವರು ಮಘೆ ಮಳೆಯಲ್ಲೇ ಹೋದರು. 82 ವರ್ಷ. ಮೂರು ವರ್ಷದಿಂದ ಉಸಿರಾಟದ ತೊಂದರೆ ಇತ್ತು. ಈ ಸಲದ ಥಂಡಿ ತಡೆಯಲಿಲ್ಲ.

ಶ್ರಾವಣ ಶನಿವಾರ ಬೇರೆ. ಗರಡಿಯ ಆಂಜನೇಯನಿಗೆ ವೀಳ್ಯದೆಲೆ ಹಾರ ಹಾಕುವ ದಿನ. ಕಟ್ಟಿನಕೆರೆ ಮಾರ್ಕೆಟ್ಟಿಗೆ ಹಾರ ತರಲು ಹೋಗಿದ್ದ ಹುಡುಗ ಎರಡು ಹಾರ ತಂದ. ಇನ್ನೊಂದು ತಾ ಅಂತ ಯಾರೂ ಅವನಿಗೆ ಹೇಳಿರಲಿಲ್ಲ. ಸುದ್ದಿ ಅಲ್ಲೇ ಗೊತ್ತಾಗಿತ್ತಂತೆ.

ಮಣ್ಣಿಗೆ ಒಯ್ಯುವ ಮೊದಲು ಅರ್ಧ ಗಂಟೆ ಗರಡಿಯಲ್ಲಿ ಮಲಗಿಸಬೇಕು ಅಂತ ಉಸ್ತಾದರ ಹೆಂಡತಿ, ನಮ್ಮೆಲ್ಲರ ದೊಡ್ಡಮ್ಮನೇ ಹೇಳಿದರು. ನಮ್ಮ ಗರಡಿಯ ಬಾಗಿಲು ಎದೆಮಟ್ಟ. ಎಂಥ ಪೈಲ್ವಾನನೇ ಆಗಲಿ ತಲೆ ಬಗ್ಗಿಸಿಯೇ ಒಳಗೆ ಬರಬೇಕು ಅಂತ ಹಿಂದಿನವರು ಹಾಗೆ ಕಟ್ಟಿದ್ದು. ಚಟ್ಟ ಹೊತ್ತ ನಾಲ್ವರು ಬಾಗಿಲಲ್ಲಿ ನಿಂತರು. ಭುಜದಿಂದ ಸೊಂಟಕ್ಕೆ ಇಳಿಸಿದರು, ಆಗಲಿಲ್ಲ. ಕೊನೆಗೆ ನಾಲ್ವರೂ ಮಂಡಿಯೂರಿ, ಉಸ್ತಾದರ ಮೈ ಅಲುಗದ ಹಾಗೆ ತೆವಳಿಕೊಂಡೇ ಒಳಗೆ ತಂದರು. ಅವರಲ್ಲಿ ಒಬ್ಬ ನೂರು ಕೆ.ಜಿ. ದಾಟಿದ ಆಳು, ಈಗ ಪೊಲೀಸ್ ಕೆಲಸದಲ್ಲಿದ್ದಾನೆ. ಬಾಗಿಲವಾಡದ ಮೊಳೆಗೆ ಸಿಕ್ಕಿ ಅವನ ಶರ್ಟು ಬೆನ್ನುದ್ದ ಹರಿಯಿತು. ಸಂಜೆ ಮಣ್ಣು ಮುಗಿಸುವವರೆಗೂ ಅದೇ ಹರಿದ ಶರ್ಟಿನಲ್ಲಿದ್ದ.

ಮಟ್ಟಿಯ, ಅಂದರೆ ಕುಸ್ತಿ ಆಡುವ ಮಣ್ಣಿನ ಕಣದ, ಅಂಚಿಗೆ ಚಾಪೆ ಹಾಕಿ ಮಲಗಿಸಿದೆವು. ಮಟ್ಟಿಯ ಕಡೆ ಕಾಲು ಬರದ ಹಾಗೆ ತಲೆಯನ್ನೇ ಆ ಕಡೆ ಮಾಡಿದೆವು. ಇಪ್ಪತ್ತೈದು ವರ್ಷವಾದರೂ ಆ ಮಣ್ಣಿನ ವಾಸನೆ ಮೂಗಿಗೆ ಬಡಿದ ಕೂಡಲೇ ನನ್ನ ಹೆಗಲು ತಾನಾಗಿ ಬಿಗಿಯುತ್ತದೆ. ಕೆಮ್ಮಣ್ಣನ್ನು ಜರಡಿ ಹಿಡಿದು, ಅರಿಶಿನ, ಬೇವಿನೆಲೆ ಪುಡಿ, ಕರ್ಪೂರ, ಮಜ್ಜಿಗೆ, ಎಳ್ಳೆಣ್ಣೆ, ತುಪ್ಪ, ನಿಂಬೆರಸ ಎಲ್ಲ ಕೂಡಿಸಿ ಹದ ಮಾಡಿದ ಮಣ್ಣು ಅದು. ಹಿಡಿಯಲ್ಲಿ ಹಿಡಿದರೆ ಉಂಡೆ ಆಗಬೇಕು, ಬೆರಳು ತಾಗಿಸಿದರೆ ಉದುರಬೇಕು. ಹದ ತಪ್ಪಿದರೆ ಉಸ್ತಾದರು ಯಾರನ್ನೂ ಇಳಿಯಗೊಡುತ್ತಿರಲಿಲ್ಲ. ‘ಹುಡುಗ್ರು ಬೀಳೋ ಜಾಗ ಕಣ್ಲಾ ಇದು’ ಅನ್ನೋರು.

ಎಷ್ಟು ಜನ ಬಂದಿದ್ದರು! ಹೊಳೆನರಸೀಪುರ, ಚನ್ನರಾಯಪಟ್ಟಣ, ಅರಸೀಕೆರೆ, ಆಚೆ ಕಡೂರು, ತರೀಕೆರೆ. ಮೈಸೂರಿನಿಂದ ಒಂದು ಕಾರಿನ ತುಂಬ ಹಳೇ ಪೈಲ್ವಾನರು, ಎಲ್ಲರದೂ ಒಡೆದು ಮುದುಡಿದ ಕಿವಿ. ಪೆನ್ಷನ್ ಮೊಹಲ್ಲಾದ ಹಿರಿಯರು ಒಬ್ಬರು, ಉಸ್ತಾದರ ಜೊತೆಯಲ್ಲೇ ಒಂದೇ ಗುರುವಿನ ಕೈಯಲ್ಲಿ ಕಲಿತವರು, ಗೋಡೆಗೆ ಒರಗಿ ಕೂತು ಮಗುವಿನ ಹಾಗೆ ಅತ್ತರು. ನಾವು ಅವರನ್ನು ಮಾಮು ಅಂತಲೇ ಕರೆಯೋದು. ಬಂದವರಲ್ಲಿ ಅರ್ಧಕ್ಕರ್ಧ ಜನ ಲಂಗೋಟಿ ಕಟ್ಟಿದವರೇ ಅಲ್ಲ. ಆಟೋದವರು, ಹಮಾಲರು, ಹೋಟೆಲಿನವರು, ಜಾತ್ರೆ ಜಾತ್ರೆಗೆ ಹೋಗಿ ಕುಸ್ತಿ ನೋಡುವ ಜನ. ಅರಸೀಕೆರೆಯ ಒಬ್ಬ ಕೊಬ್ಬರಿ ವ್ಯಾಪಾರಿ ನನ್ನ ಪಕ್ಕ ನಿಂತಿದ್ದರು. ನಲವತ್ತು ವರ್ಷದಿಂದ ಕುಸ್ತಿ ನೋಡ್ತಿದ್ದೀನಿ ಅಂದರು. ಆಮೇಲೆ ಒಂದು ಮಾತು ಹೇಳಿದರು. ‘ನಾನು ಬರ್ತಿದ್ದುದು ಇವ್ರು ಜೋಡಿ ಕಟ್ಟೋದು ನೋಡೋಕೆ. ಕುಸ್ತಿ ಆಮೇಲೆ.’

ಅದನ್ನು ಕೇಳಿ ನನಗೆ ತಡೆಯಲಾಗಲಿಲ್ಲ. ನಾನು ಹೇಳಬೇಕೆಂದಿದ್ದುದನ್ನು ಯಾರೋ ಕೊಬ್ಬರಿ ವ್ಯಾಪಾರಿ ಒಂದೇ ಉಸಿರಿಗೆ ಹೇಳಿದ್ದರು.

ಕುಸ್ತಿ ಗೊತ್ತಿಲ್ಲದವರಿಗಾಗಿ ಇಷ್ಟು ಬಿಡಿಸಿ ಬರೆಯುತ್ತೇನೆ. ಜೋಡಿ ಕಟ್ಟೋದು ಅಂದರೆ ಸಮಬಲದ ಇಬ್ಬರನ್ನು ಆರಿಸಿ ಎದುರುಬದುರು ಬಿಡೋದು. ಒಲಿಂಪಿಕ್ಸ್ ಕುಸ್ತಿಯಲ್ಲಿ ತೂಕದ ಯಂತ್ರ ಇದೆ. ಗಂಡಸರ ಫ್ರೀಸ್ಟೈಲ್‌ಗೆ 57, 65, 74, 86, 97, 125 ಕೆ.ಜಿ., ಹೀಗೆ ಆರು ತೂಕ. ಮೂರು ಮೂರು ನಿಮಿಷದ ಎರಡು ಸುತ್ತು, ಪಾಯಿಂಟು. ನಮ್ಮ ನಾಡಕುಸ್ತಿಯ ಜಾತ್ರೆ ಮೈದಾನದಲ್ಲಿ ಯಂತ್ರ ಇಲ್ಲ, ಹಿರಿಯರ ಕಣ್ಣೇ ತಕ್ಕಡಿ. ಮಾರ್ಫಿಟ್ ಕುಸ್ತಿಗಂತೂ ಹೊತ್ತಿನ ಲೆಕ್ಕವೂ ಇಲ್ಲ, ಒಬ್ಬನ ಬೆನ್ನು ಮಣ್ಣಿಗೆ ತಾಗಿ ಚಿತ್ ಆಗುವವರೆಗೂ ನಡೆಯಬೇಕು. ಜೋಡಿ ತಪ್ಪಿದರೆ ಹುಡುಗನ ಕುತ್ತಿಗೆಯೋ ಹೆಗಲೋ ಹೋಯಿತು ಅಂತಲೇ ಅರ್ಥ. ಮೈಸೂರು ದಸರಾ ಕುಸ್ತಿಗೂ ಮೊದಲೇ ಒಂದು ದಿನ ಇಟ್ಟು, ಪೈಲ್ವಾನರನ್ನೆಲ್ಲ ಸೇರಿಸಿ ಜೋಡಿ ಕಟ್ಟುತ್ತಾರೆ. ಉಸ್ತಾದರು ಕಾಲು ಗಟ್ಟಿ ಇರುವವರೆಗೂ ಅಲ್ಲಿಗೆ ಹೋಗಿ ಹಿರಿಯರ ಸಾಲಿನಲ್ಲಿ ಕೂತು ಬರುತ್ತಿದ್ದರು.

ಅವರು ಜೋಡಿ ನೋಡುತ್ತಿದ್ದ ಪರಿ ಹೇಳುತ್ತೇನೆ. ಇಬ್ಬರನ್ನೂ ಅಂಗಿ ಬಿಚ್ಚಿಸಿ ಅಕ್ಕಪಕ್ಕ ನಿಲ್ಲಿಸೋರು. ಮೊದಲು ಮುಖ ನೋಡುತ್ತಲೇ ಇರಲಿಲ್ಲ. ಹಿಂದೆ ಬಂದು, ಕುತ್ತಿಗೆ ಹೆಗಲಿಗೆ ಕೂಡುವ ಕಡೆ ಹೆಬ್ಬೆರಳು ಊರಿ ಒತ್ತೋರು. ಹೊಸಬನಾದರೆ ಆ ಜಾಗ ಮೆತ್ತಗೆ, ವರ್ಷಗಟ್ಟಲೆ ಸಾಮು ಮಾಡಿದವನಾದರೆ ಹುಣಸೆ ಬೊಡ್ಡೆ. ಆಮೇಲೆ ಹತ್ತು ಬಸ್ಕಿ ಹೊಡೆಸೋರು. ಎಣಿಸುತ್ತಿರಲಿಲ್ಲ, ಹೊಟ್ಟೆ ಏರಿಳಿಯೋದನ್ನು ನೋಡೋರು. ಕೊನೆಗೆ ಮುಖ ನೋಡಿ ಕೇಳೋರು, ‘ಮಟ್ಟಿ ಮುಟ್ಟಿ ಎಷ್ಟು ವರ್ಷ ಆಯ್ತು ಮಗ?’ ಸುಳ್ಳು ಹೇಳಿದವನು ಅಲ್ಲೇ ಸಿಕ್ಕಿಬೀಳುತ್ತಿದ್ದ, ಹೆಬ್ಬೆರಳು ಮೊದಲೇ ಹೇಳಿರುತ್ತಿತ್ತಲ್ಲ. ಎಲ್ಲ ಸರಿ ಕಂಡರೆ ಇಬ್ಬರ ಕೈಯನ್ನೂ ಹಿಡಿದು ಒಂದರ ಮೇಲೊಂದು ಇಟ್ಟು ತಮ್ಮ ಕೈಯಿಂದ ಮುಚ್ಚೋರು. ಜೋಡಿ ಆಯಿತು.

1998ರ ಬೇಸಿಗೆ. ನನಗೆ 19. ಅರಸೀಕೆರೆ ಕಡೆಯ ಒಂದು ಜಾತ್ರೆಯಲ್ಲಿ ಕುಸ್ತಿ ಇಟ್ಟಿದ್ದರು. ಟಿಕೆಟ್ ಚೆನ್ನಾಗಿ ಹೋಗಲಿ ಅಂತ ಉತ್ತರ ಕರ್ನಾಟಕದ ಹೆಸರುವಾಸಿ ಪೈಲ್ವಾನರೊಬ್ಬರನ್ನು ಕರೆಸಿ, ಅವರ ಎದುರಿಗೆ ಊರ ಹುಡುಗ ಅಂತ ನನ್ನ ಹೆಸರು ಹಾಕಿ ಪೋಸ್ಟರ್ ಅಂಟಿಸಿಬಿಟ್ಟಿದ್ದರು. ಬೆಳ್ಳಿ ಗದೆ ಪಣ. ನನ್ನ ಹೆಸರನ್ನು ಅಚ್ಚಿನಲ್ಲಿ ಕಂಡದ್ದು ಅದೇ ಮೊದಲು, ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಉಸ್ತಾದರು ಬಂದರು, ಇಬ್ಬರನ್ನೂ ನಿಲ್ಲಿಸಿದರು, ಹೆಬ್ಬೆರಳು ಊರಿದರು. ‘ಇದು ಜೋಡಿ ಅಲ್ಲ’ ಅಂದರು. ದುಡ್ಡು ಹಾಕಿದವರು ಕೈ ಮುಗಿದರು, ಆಮೇಲೆ ಗದರಿದರು. ಉಸ್ತಾದರು ಸೀದಾ ಹೋಗಿ ಮಟ್ಟಿಯ ನಡುವೆ ಚಕ್ಕಂಬಕ್ಕಳ ಹಾಕಿ ಕೂತುಬಿಟ್ಟರು. ಜನ ಕೂಗಿದರು, ಸೀಟಿ ಹೊಡೆದರು, ಕಡಲೆಕಾಯಿ ಸಿಪ್ಪೆ ಎಸೆದರು. ಪಂಚೆ ಮೇಲೆ ಬಿದ್ದ ಸಿಪ್ಪೆಯನ್ನು ಒಂದೊಂದಾಗಿ ಆರಿಸಿ ಪಕ್ಕಕ್ಕಿಡುತ್ತಾ ಮುಕ್ಕಾಲು ಗಂಟೆ ಕೂತಿದ್ದರು. ಆ ಪೈಲ್ವಾನರನ್ನೂ ನೆನೆಯಬೇಕು, ಅವರೇ ಕೊನೆಗೆ ಬಂದು ಉಸ್ತಾದರ ಕಾಲು ಮುಟ್ಟಿ, ‘ಹುಡುಗನ ಜೋಡಿ ನಾ ಆಡೂದಿಲ್ಲ’ ಅಂದರು.

ನನಗೆ ಕಡೂರಿನ ಒಬ್ಬ ಹುಡುಗನನ್ನು ಜೋಡಿ ಕಟ್ಟಿದರು. ಇಪ್ಪತ್ತು ನಿಮಿಷದ ಮೇಲೆ ನಡೆಯಿತು, ಯಾರೂ ಬೀಳಲಿಲ್ಲ, ಸಮ ಅಂತ ಬಿಡಿಸಿದರು. ಗದೆ ಇಲ್ಲ, ಪೋಸ್ಟರಿನ ಹೆಸರಿಗೆ ಬೆಲೆ ಇಲ್ಲ. ಮೂರು ತಿಂಗಳು ನಾನು ಗರಡಿ ಕಡೆ ತಲೆ ಹಾಕಲಿಲ್ಲ. ದಾರಿಯಲ್ಲಿ ಸಿಕ್ಕರೂ ಮಾತಾಡಲಿಲ್ಲ. ದೊಡ್ಡಮ್ಮನೇ ಒಂದು ದಿನ ಮನೆಗೆ ಬಂದು ಕೈ ಹಿಡಿದು ಕರೆದುಕೊಂಡು ಹೋದರು.

ಎಷ್ಟೋ ವರ್ಷದ ಮೇಲೆ, ನನ್ನ ಮದುವೆಯೂ ಆಗಿತ್ತು, ಒಂದು ಸಂಜೆ ಆ ವಿಷಯ ಎತ್ತಿದೆ. ಅವತ್ತು ನೀವು ಅಡ್ಡ ಕೂರದಿದ್ದರೆ ನನ್ನ ಕುತ್ತಿಗೆ ಏನಾಗುತ್ತಿತ್ತೋ ಉಸ್ತಾದ್ರೇ ಅಂದೆ. ಅವರು ನನ್ನನ್ನೇ ನೋಡಿದರು. ‘ಯಾವ ಜಾತ್ರೆಲಿ?’ ಅಂದರು. ನೆನಪೇ ಇರಲಿಲ್ಲ. ಎಷ್ಟು ವಿವರಿಸಿದರೂ ಇಲ್ಲ. ‘ಅಂಥವು ಬೇಕಾದಷ್ಟು ಆಗವೆ ಕಣ್ಲಾ’ ಅಂದು, ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆ ಕಡೂರು ಹುಡುಗ ಈಗ ಏನ್ ಮಾಡ್ತಾವ್ನೆ? ಎಡಗಾಲು ಮುಂದಿಡೋನು. ಒಳ್ಳೆ ಜೋಡಿ ಅದು’ ಅಂದರು.

ಆ ಕಡೂರಿನವನು ನಿನ್ನೆ ಬಂದಿದ್ದ. ಕೂದಲು ಪೂರ್ತಿ ನೆರೆತಿದೆ. ಇಬ್ಬರೂ ಏನೂ ಮಾತಾಡದೆ ಬಹಳ ಹೊತ್ತು ಪಕ್ಕಪಕ್ಕದಲ್ಲಿ ನಿಂತಿದ್ದೆವು.

ಕೊನೆಯ ಹತ್ತು ದಿನ ಉಸ್ತಾದರ ಜೀವವೆಲ್ಲ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿತ್ತು. ದಿಂಬಿಗೆ ಒರಗಿಸಿ ಕೂರಿಸಿ ಟಿವಿ ಹಾಕುತ್ತಿದ್ದೆವು. ಆಗಸ್ಟ್ 6ರಂದು ವಿನೇಶ್ ಫೋಗಟ್ ಜಪಾನಿನ ಯುಯಿ ಸುಸಾಕಿಯನ್ನು ಸೋಲಿಸಿದರಲ್ಲ, ಅಂತರರಾಷ್ಟ್ರೀಯ ಕುಸ್ತಿಯಲ್ಲಿ ಅಲ್ಲಿಯವರೆಗೆ ಒಮ್ಮೆಯೂ ಸೋಲದ ಹೆಣ್ಣುಮಗಳನ್ನು, ಆ ಕೊನೆಯ ಕೆಲವು ಸೆಕೆಂಡನ್ನು ನನ್ನ ಫೋನಿನಲ್ಲಿ ಆರೇಳು ಸಲ ಹಾಕಿಸಿಕೊಂಡು ನೋಡಿದರು. 0-2 ಹಿಂದಿದ್ದು 3-2ಕ್ಕೆ ಗೆದ್ದದ್ದು. ‘ಕಾದವ್ಳೆ ನೋಡ್ಲಾ, ಎಷ್ಟು ಕಾದವ್ಳೆ’ ಅಂತ ತೊಡೆ ತಟ್ಟಿದರು. ತಟ್ಟಿದ್ದಕ್ಕೇ ಕೆಮ್ಮು ಬಂತು.

ಮಾರನೇ ದಿನ 100 ಗ್ರಾಂ ಸುದ್ದಿ. ವಿನೇಶ್ ತೂಕ 50 ಕೆ.ಜಿ.ಗೆ 100 ಗ್ರಾಂ ಹೆಚ್ಚು, ಫೈನಲ್ ಇಲ್ಲ, ಬೆಳ್ಳಿಯೂ ಇಲ್ಲ. ಎರಡೂ ದಿನ ತೂಗಬೇಕು, ನಿಯಮ ಎಲ್ಲರಿಗೂ ಒಂದೇ ಅಂತ ನಾನು ವಾದ ಮಾಡಿದೆ. ಅವರು ಉಸಿರು ಕೂಡಿಸಿಕೊಂಡು ಹೇಳಿದರು: ‘ಮೊದಲನೇ ದಿನ ತೂಗಿ ಜೋಡಿ ಕಟ್ಟವ್ರೆ. ಮೂರು ಜನದ ಜೊತೆ ಆಡವ್ಳೆ. ಆ ಮೂರು ಜೋಡಿ ಸರಿ ಇತ್ತೋ ಇಲ್ವೋ ಹೇಳು. ಸರಿ ಇದ್ಮೇಲೆ ಗೆದ್ದಿದ್ದು ಗೆದ್ದಂಗೇ.’ ಬೆಳ್ಳಿಯಾದರೂ ಕೊಡಿ ಅಂತ ವಿನೇಶ್ ಹಾಕಿದ್ದ ಮೇಲ್ಮನವಿ 14ಕ್ಕೆ ವಜಾ ಆಯಿತು. ಅದನ್ನು ಅವರಿಗೆ ನಾನು ಹೇಳಲಿಲ್ಲ, ಆಗಲೇ ಮಾತು ಕಡಿಮೆಯಾಗಿತ್ತು. ಇವತ್ತು ಕೂತು ಯೋಚಿಸಿದರೆ ಅವರ ಮಾತೇ ಸರಿ ಅನ್ನಿಸುತ್ತದೆ. ಎರಡನೇ ದಿನ ಆಡಬೇಡ ಅನ್ನಲಿ, ಮೊದಲನೇ ದಿನ ಕಟ್ಟಿದ ಜೋಡಿಯನ್ನು ಅಳಿಸಿಹಾಕಲು ಯಾರಿಗೂ ಹಕ್ಕಿಲ್ಲ.

ಅಮನ್ ಸೆಹ್ರಾವತ್ ಕಂಚು ಗೆದ್ದಾಗ ಮಾತ್ರ ನಕ್ಕರು. 57 ಕೆ.ಜಿ., 13-5. ಆ ಪಂದ್ಯಕ್ಕೆ ಮೊದಲು ಹತ್ತು ಗಂಟೆಯಲ್ಲಿ ಆ ಹುಡುಗ 4.6 ಕೆ.ಜಿ. ಇಳಿಸಿದ ಅಂತ ಪೇಪರಿನಲ್ಲಿ ಓದಿ ಹೇಳಿದಾಗ ನಗು ನಿಂತಿತು. ‘21 ವರ್ಷದ ಮಗೀಗೆ ಒಂದ್ ಲೋಟ ನೀರಿಲ್ವಾ’ ಅಂದರು. ಗರಡಿಯ ಗೋಡೆಯ ಮೇಲೆ ಆಂಜನೇಯನ ಪಕ್ಕಕ್ಕೆ ಖಾಶಾಬಾ ಜಾಧವರ ಫೋಟೋ ಇದೆ, 1952ರ ಹೆಲ್ಸಿಂಕಿಯಲ್ಲಿ ಕಂಚು ಗೆದ್ದವರು. ಅದಾದ ಮೇಲೆ ಒಲಿಂಪಿಕ್ಸ್‌ನಲ್ಲಿ ಭಾರತದ ಕುಸ್ತಿಗೆ ಇನ್ನೊಂದು ಪದಕ ಬರಲು 2008ರವರೆಗೆ, 56 ವರ್ಷ, ಕಾಯಬೇಕಾಯಿತು. ಆ ಫೋಟೋಗೆ ದಿನವೂ ಊದುಬತ್ತಿ ಬೆಳಗುತ್ತಿದ್ದವರು ಉಸ್ತಾದರೇ.

ಮಣ್ಣಿಗೆ ಹೋಗುವಾಗ ಮಳೆ ಜೋರಾಯಿತು. ಗುಂಡಿಗೆ ಇಳಿಸಿದ ಮೇಲೆ, ಗರಡಿಯಿಂದ ಬಕೆಟ್ಟಿನಲ್ಲಿ ತಂದಿದ್ದ ಮಟ್ಟಿಯನ್ನು ಎಲ್ಲರೂ ಒಂದೊಂದು ಹಿಡಿ ಹಾಕಿದೆವು. ಮಾಮು ಮೊದಲು. ಮಟ್ಟಿ ಹಾಕಿ, ಗುಂಡಿಯ ಅಂಚಿನಲ್ಲೇ ಬಗ್ಗಿ, ಕುಸ್ತಿಗೆ ಮೊದಲು ಮಾಡುವ ಹಾಗೆ ನೆಲ ಮುಟ್ಟಿ ಎದೆಗೆ ಒತ್ತಿಕೊಂಡರು. ಬಕೆಟ್ ಹಿಡಿದಿದ್ದವನು ನಾನು. ಕೊನೆಯಲ್ಲಿ ತಳಕ್ಕೆ ಅಂಟಿದ್ದನ್ನೆಲ್ಲ ಉಗುರಿನಲ್ಲಿ ಕೆರೆದು ಹಾಕಿದೆ.

ಬರುವಾಗ ಎನ್.ಆರ್. ಸರ್ಕಲ್ ಹತ್ತಿರ ಟೀ ಅಂಗಡಿಯ ಟಿವಿಯಲ್ಲಿ ವಿನೇಶ್ ದೆಹಲಿಗೆ ಬಂದಿಳಿದದ್ದನ್ನು ತೋರಿಸುತ್ತಿದ್ದರು. ತೆರೆದ ಜೀಪಿನಲ್ಲಿ ನಿಂತು ಅಳುತ್ತಿದ್ದರು. ನಾವು ಏಳೆಂಟು ಜನ, ಪಂಚೆಗೆಲ್ಲ ಕೆಸರು, ಲೋಟ ಹಿಡಿದುಕೊಂಡು ನೋಡಿದೆವು. ಪೊಲೀಸಿನವನು, ಆ ಹರಿದ ಶರ್ಟಿನವನು, ಲೋಟ ಅಲ್ಲೇ ಇಟ್ಟು ಹೊರಗೆ ಹೋದ.

ಇವತ್ತು ಸಂಜೆ ಗರಡಿಗೆ ಹೋಗಿದ್ದೆ. ಮಾಳಿಗೆ ಸೋರುತ್ತದೆ, ಮಟ್ಟಿ ಅಗೆದು ತಿರುವಿ ಹಾಕದಿದ್ದರೆ ಬೂಜು ಹಿಡಿಯುತ್ತದೆ. ಮಾಮು ಫೋನ್ ಮಾಡಿ ‘ಮಟ್ಟಿ ಕೆಡಿಸ್ಬೇಡ್ರಪ್ಪಾ’ ಅಂದಿದ್ದರು. ಗುದ್ದಲಿ ಹಿಡಿದು ಅರ್ಧ ಅಗೆದಿರಬೇಕು, ಸ್ಕೂಲಿಗೆ ಹೋಗುವ ಹುಡುಗರಿಬ್ಬರು ಬಂದು ನಿಂತರು. ಅವರಿಗೂ ಮನೆಯಲ್ಲಿ ಕೂರಲಾಗಿರಲಿಲ್ಲ. ಅಂಗಿ ಬಿಚ್ಚಿ ಒಬ್ಬರ ಕೈ ಒಬ್ಬರು ಹಿಡಿದರು. ಆಡಬಹುದಾ ಅಂಕಲ್ ಅಂತ ನನ್ನನ್ನು ಕೇಳಿದರು.

ಹಿಂದೆ ಹೋಗಿ ಇಬ್ಬರ ಹೆಗಲಿಗೂ ಹೆಬ್ಬೆರಳು ಊರಿ ನೋಡಿದೆ. ಎರಡೂ ಒಂದೇ ತರ ಇತ್ತು, ನನಗೆ ಏನೂ ಗೊತ್ತಾಗಲಿಲ್ಲ. ಮಟ್ಟಿ ಮುಟ್ಟಿ ಎಷ್ಟು ದಿನ ಆಯ್ತು ಅಂತ ಕೇಳಿದೆ. ಒಬ್ಬ ‘ಎರಡು ವರ್ಷ’ ಅಂದ. ಇನ್ನೊಬ್ಬ ತಲೆ ತಗ್ಗಿಸಿ ‘ಯುಗಾದಿಯಿಂದ’ ಅಂದ.

ಹಿಡಿದ ಕೈ ಬಿಡಿಸಿದೆ. ಇಬ್ಬರಿಗೂ ಬಸ್ಕಿ ಹೊಡೆಯಲು ಹೇಳಿ, ಉಳಿದರ್ಧ ಮಟ್ಟಿ ಅಗೆದೆ.