ಅಮೃತಮತಿಯದೋ, ಯಶೋಧರನದೋ: ತಪ್ಪು ಯಾರದು?

ಜನ್ನನ ‘ಯಶೋಧರ ಚರಿತೆ’ ಪಾಠ ಮಾಡುವವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ತರಗತಿಯಲ್ಲಿ ಕೇಳುತ್ತಾರೆ, ಪರೀಕ್ಷೆ ಮುಗಿದ ಮೇಲೂ ಕೇಳುತ್ತಾರೆ. ಮೊನ್ನೆ ಒಂದು ಮದುವೆ ಊಟದಲ್ಲಿ, ಪಕ್ಕದ ಎಲೆಯಲ್ಲಿ ಕೂತಿದ್ದ ಹಳೆ ವಿದ್ಯಾರ್ಥಿನಿ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ಕೇಳಿದಳು: “ಮೇಡಂ, ಇವತ್ತಾದರೂ ಹೇಳಿಬಿಡಿ. ತಪ್ಪು ಯಾರದು?” ಊಟದ ಹೊತ್ತಿನಲ್ಲಿ ವಿಷದ ಕಥೆ ಬೇಡ ಅಂತ ನಕ್ಕು ಸುಮ್ಮನಾದೆ. ಈಗ ಬರೆಯುತ್ತಿದ್ದೇನೆ.

ಓದದವರಿಗಾಗಿ ಕಥೆ ಇಷ್ಟು. ಉಜ್ಜಯಿನಿಯ ರಾಜ ಯಶೋಧರ, ಅವನ ರಾಣಿ ಅಮೃತಮತಿ. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಪ್ರಾಣ. ಒಂದು ರಾತ್ರಿ ಆನೆಲಾಯದ ಕಡೆಯಿಂದ ಹಾಡು ಕೇಳಿಬರುತ್ತದೆ. ಹಾಡುವವನು ಅಷ್ಟಾವಂಕ ಎಂಬ ಮಾವುತ. ರಾಣಿ ಅವನನ್ನು ನೋಡಿಯೇ ಇಲ್ಲ, ದನಿಗೇ ಮನಸ್ಸು ಕೊಟ್ಟುಬಿಡುತ್ತಾಳೆ. ದೊರೆ ಮೆಚ್ಚಿ ಉಡುಗೊರೆ ಕೊಡುವ ಹಾಗೆ ಕೊಟ್ಟಳು ಅನ್ನುತ್ತಾನೆ ಜನ್ನ. ಆಮೇಲೆ ರಾತ್ರಿಗಳಲ್ಲಿ ಕದ್ದು ಹೋಗಿ ಬರುವುದು ಶುರುವಾಗುತ್ತದೆ. ರಾಜ ಒಂದು ದಿನ ಹಿಂದೆಯೇ ಹೋಗಿ ಎಲ್ಲವನ್ನೂ ನೋಡುತ್ತಾನೆ. ಕೊನೆಗೆ ಅವಳು ಗಂಡನಿಗೂ ಅತ್ತೆಗೂ ಊಟದಲ್ಲಿ ವಿಷ ಇಕ್ಕುತ್ತಾಳೆ.

ಇಷ್ಟು ಕೇಳಿದವರು ಅಮೃತಮತಿಯ ಕಡೆಗೇ ಬೆರಳು ತೋರಿಸುತ್ತಾರೆ. ಸಹಜ. ವಿಷ ಇಕ್ಕಿದವಳ ಪರವಾಗಿ ವಾದ ಮಾಡುವ ಆಸೆ ನನಗೂ ಇಲ್ಲ. ಎರಡು ಕೊಲೆ ಅವಳ ಲೆಕ್ಕಕ್ಕೇ. ಆದರೆ ವಿಷದ ಅಡುಗೆ ಬರುವುದು ಕಥೆಯಲ್ಲಿ ತುಂಬ ಆಮೇಲೆ. ಅದಕ್ಕಿಂತ ಮೊದಲು ಏನೇನಾಯಿತು ಅನ್ನುವುದೇ ನನಗೆ ಮುಖ್ಯ.

ಮೊದಲಿಗೆ, ಪ್ರೀತಿ ಹುಟ್ಟಿದ್ದು. ಇದು ತಪ್ಪು ಅಂತ ಜನ್ನನೂ ಪೂರ್ತಿ ಮನಸ್ಸಿನಿಂದ ಹೇಳುವುದಿಲ್ಲ ಅಂತಲೇ ನನ್ನ ಗುಮಾನಿ. ರಾಣಿ ಕಳಿಸಿದ ದೂತಿ ಮಾವುತನನ್ನು ನೋಡಿ ಬಂದು ಅಡಿಯಿಂದ ಮುಡಿಯವರೆಗೆ ಅವನ ಕುರೂಪವನ್ನು ವರ್ಣಿಸುತ್ತಾಳೆ. ಅದಕ್ಕೆ ರಾಣಿ, ಕಸ್ತೂರಿ ಕಪ್ಪಗಿದ್ದರೇನು, ಗಂಧದ ಮರ ಸೊಟ್ಟಗಿದ್ದರೇನು ಎಂಬ ಧಾಟಿಯಲ್ಲಿ ಉತ್ತರ ಕೊಟ್ಟು, “ಒಲವಾದೊಡೆ ರೂಪಿನ ಕೋಟಲೆಯೇವುದೊ” ಅನ್ನುತ್ತಾಳೆ. ಒಲಿದ ಮೇಲೆ ರೂಪದ ಗೋಜು ಯಾಕೆ ಅಂತ. ಅವಳನ್ನು ಪಾಪಿ ಅಂತ ತೋರಿಸಲು ಹೊರಟ ಕವಿ, ಕಾವ್ಯದ ಅತಿ ಒಳ್ಳೆಯ ಮಾತನ್ನು ಅವಳ ಬಾಯಿಗೇ ಕೊಟ್ಟಿದ್ದಾನೆ. ಎಂಟುನೂರು ವರ್ಷ ಕಳೆದರೂ ಜನ ನೆನಪಿಟ್ಟುಕೊಂಡಿರುವುದು ಈ ಸಾಲನ್ನೇ.

ಇನ್ನು ರಾಜ ಕದ್ದು ನೋಡಿದ ರಾತ್ರಿ. ಅವತ್ತು ರಾಣಿ ಬರುವುದು ತಡವಾಗಿದೆ. ಅಷ್ಟಾವಂಕ ಸಿಟ್ಟಿನಲ್ಲಿ ಅವಳ ಮುಡಿ ಹಿಡಿದು ಎಳೆದು ಹೊಡೆಯುತ್ತಾನೆ. ಅವಳು ಕಾಲು ಹಿಡಿಯುತ್ತಾಳೆ, ರಾಜನಿಂದ ಬಿಡಿಸಿಕೊಂಡು ಬರುವುದು ತಡವಾಯಿತು ಅನ್ನುತ್ತಾಳೆ, ನಿನ್ನನ್ನು ಬಿಟ್ಟರೆ ಮಿಕ್ಕ ಗಂಡಸರೆಲ್ಲ ನನಗೆ ಅಣ್ಣತಮ್ಮಂದಿರ ಸಮಾನ ಅನ್ನುತ್ತಾಳೆ. ಪತಿವ್ರತೆ ಆಡಬೇಕಾದ ಮಾತು! ಆಡುತ್ತಿರುವುದು ಮಾವುತನಿಗೆ, ಕೇಳಿಸಿಕೊಳ್ಳುತ್ತಿರುವುದು ಮರೆಯಲ್ಲಿ ನಿಂತ ಗಂಡ. ಯಶೋಧರನ ಕೈ ಕತ್ತಿಗೆ ಹೋಗುತ್ತದೆ. ಆದರೆ ತಡೆದುಕೊಳ್ಳುತ್ತಾನೆ. ಸದ್ದಿಲ್ಲದೆ ಬಂದು ಹಾಸಿಗೆಯಲ್ಲಿ ಮಲಗುತ್ತಾನೆ. ಸ್ವಲ್ಪ ಹೊತ್ತಿಗೆ ಅವಳೂ ಬಂದು ಪಕ್ಕದಲ್ಲಿ ಮಲಗುತ್ತಾಳೆ.

ಕತ್ತಿ ತಡೆದದ್ದಕ್ಕೆ ನಾನೂ ಅವನನ್ನು ಮೆಚ್ಚುತ್ತೇನೆ. ಆದರೆ ಆಮೇಲೆ ಅವನು ಮಾಡಿದ್ದೇನು? ಮಾರನೆಯ ದಿನ ತಮಾಷೆಗೆ ಅನ್ನುವ ಹಾಗೆ ನೈದಿಲೆ ಹೂವಿನಿಂದ ಅವಳಿಗೆ ಹೊಡೆಯುತ್ತಾನೆ. ಅವಳು ಮೂರ್ಛೆ ಹೋದವಳ ಹಾಗೆ ಬೀಳುತ್ತಾಳೆ. ಹೂವಿನ ಪೆಟ್ಟಿಗೇ ಸಾಯುತ್ತಿದ್ದೆಯಲ್ಲ, ಸದ್ಯ ಬದುಕಿದೆ ಅಂತ ಚುಚ್ಚುತ್ತಾನೆ. ನಿನ್ನೆ ಯಾರ ಏಟು ತಿಂದೂ ಅವಳು ಮುದ್ದು ಮಾತಾಡಿದಳು ಅನ್ನುವುದು ಇಬ್ಬರಿಗೂ ಗೊತ್ತು. ಅವನಿಗೆ ಗೊತ್ತು ಅನ್ನುವುದು ಮಾತ್ರ ಅವಳಿಗೆ ಗೊತ್ತಿಲ್ಲ. ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂದು ಕೊಂಕು ಮಾತಾಗಿ ಹೋಯಿತು. ನನ್ನ ಕೇಳಿದರೆ ಕಥೆ ಹಳ್ಳ ಹಿಡಿದದ್ದು ಇಲ್ಲಿ.

ಮುಂದಿನದೆಲ್ಲ ಇದರ ಬೆನ್ನಿಗೇ ಬರುತ್ತದೆ. ಮಗನ ಮುಖ ಬಾಡಿದ್ದನ್ನು ನೋಡಿ ತಾಯಿ ಚಂದ್ರಮತಿ ಏನಾಯಿತಪ್ಪ ಅಂತ ಕೇಳುತ್ತಾಳೆ. ಅವಳಿಗೂ ನಿಜ ಹೇಳುವುದಿಲ್ಲ. ಕೆಟ್ಟ ಕನಸು ಬಿತ್ತು ಅಂತ ಹೇಳಿ, ಕಂಡದ್ದನ್ನೇ ಮರೆಮಾಡಿ ಒಂದು ಕಥೆ ಕಟ್ಟುತ್ತಾನೆ. ಪಾಪ, ಆ ತಾಯಿ ಕನಸನ್ನು ನಿಜ ಅಂತ ನಂಬಿ ದೋಷ ಕಳೆಯಲು ದೇವಿಗೆ ಬಲಿ ಕೊಡು ಅನ್ನುತ್ತಾಳೆ. ಅವನು ಜೈನ, ಒಲ್ಲೆ ಅನ್ನುತ್ತಾನೆ. ಎಳೆದಾಡಿ ಎಳೆದಾಡಿ ಇಬ್ಬರೂ ಒಂದು ನಡುದಾರಿ ಹಿಡಿಯುತ್ತಾರೆ: ಹಿಟ್ಟಿನ ಕೋಳಿ. ಕಡಿದ ಹಾಗೂ ಆಯಿತು, ಕೊಲ್ಲದ ಹಾಗೂ ಆಯಿತು ಅಂತ. ಆದರೆ ಆ ಹಿಟ್ಟಿನ ಕೋಳಿಯೊಳಗೆ ಒಂದು ಬೆಂತರ, ಅಂದರೆ ದೆವ್ವ, ಹೊಕ್ಕಿರುತ್ತದೆ. ಕತ್ತಿ ತಾಗಿದ್ದೇ ಕೋಳಿ ಕೂಗಿಬಿಡುತ್ತದೆ.

ಜನ್ನನ ಲೆಕ್ಕದಲ್ಲಿ ದೊಡ್ಡ ಪಾಪ ಇದೇ. ಜೀವ ಹೋಯಿತೋ ಇಲ್ಲವೋ ಮುಖ್ಯವಲ್ಲ, ಕೊಲ್ಲುವ ಮನಸ್ಸು ಮಾಡಿದ್ದೇ ಹಿಂಸೆ. ಅದಕ್ಕೇ ತಾಯಿ ಮಗ ಇಬ್ಬರೂ ಸತ್ತ ಮೇಲೆ ನವಿಲು, ನಾಯಿ, ಹಾವು, ಮೀನು, ಮೊಸಳೆ, ಆಡು, ಕೋಣ ಅಂತ ಜನ್ಮದ ಮೇಲೆ ಜನ್ಮ ಎತ್ತಿ, ಕೊನೆಗೆ ಕೋಳಿಗಳಾಗಿ ಹುಟ್ಟುತ್ತಾರೆ. ಆ ಕೋಳಿಗಳನ್ನು ಬಾಣ ಬಿಟ್ಟು ಕೊಲ್ಲುವವನು ಯಶೋಧರನ ಸ್ವಂತ ಮಗ ಯಶೋಮತಿ. ಆಮೇಲೆ ಅವನಿಗೇ ಅವಳಿ ಮಕ್ಕಳಾಗಿ ಹುಟ್ಟುತ್ತಾರೆ. ಅಮೃತಮತಿಗೆ ಕುಷ್ಠ ಬರುತ್ತದೆ, ನರಕವೂ ಸಿಗುತ್ತದೆ. ಆದರೆ ಅವಳನ್ನು ಕವಿ ಬೇಗ ಮುಗಿಸಿಬಿಡುತ್ತಾನೆ. ಜಾಸ್ತಿ ಪದ್ಯ ಖರ್ಚಾಗುವುದು ತಾಯಿ ಮಗನ ಪಾಡಿಗೇ. ಹಾದರವೇ ಕಥೆಯ ಮುಖ್ಯ ಅಪರಾಧವಾಗಿದ್ದರೆ ಹೀಗೆ ಆಗುತ್ತಿತ್ತಾ?

ಕೆಲವರು ಇಲ್ಲಿ ಅತ್ತೆಯನ್ನು ಹಿಡಿಯುತ್ತಾರೆ. ಬಲಿ ಅಂದವಳು ಅವಳೇ ಅಲ್ವಾ ಅಂತ. ಹೌದು, ಆದರೆ ಸುಳ್ಳು ಕನಸು ಕೇಳಿಸಿಕೊಂಡವಳು ಸುಳ್ಳು ಮದ್ದನ್ನಲ್ಲದೆ ಇನ್ನೇನು ಹೇಳಿಯಾಳು? ಇನ್ನು ಕೆಲವರು ಕರ್ಮ ಅನ್ನುತ್ತಾರೆ. ಹಾಗಂದ ಮೇಲೆ ಮಾತಾಡಲು ಏನೂ ಉಳಿಯುವುದಿಲ್ಲ, ಬಿಡಿ.

ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ ನಾಟಕದಲ್ಲಿ ಇದೇ ಕಥೆಯನ್ನು ಹಿಡಿದು ರಾಣಿಯನ್ನು ಜೈನಳನ್ನಾಗಿ, ಅತ್ತೆಯನ್ನು ಬಲಿ ಕೊಡುವ ಮನೆತನದವಳನ್ನಾಗಿ ಮಾಡಿ ಹೊಸದಾಗಿ ಕಟ್ಟಿದರು. ಅಲ್ಲಿ ತಪ್ಪಿನ ಪ್ರಶ್ನೆಗೆ ಬೇರೆಯೇ ಉತ್ತರ ಹುಟ್ಟುತ್ತದೆ. ನಾನು ಮಾತಾಡುತ್ತಿರುವುದು ಜನ್ನನ ಯಶೋಧರನ ಬಗ್ಗೆ.

ಆ ಯಶೋಧರನ ಮೇಲೆ ನನ್ನ ದೂರು ಇಷ್ಟೇ. ಅವನು ಕೊಲ್ಲಲಿಲ್ಲ, ಸರಿ. ಕೇಳಲೂ ಇಲ್ಲ, ಬೈಯಲೂ ಇಲ್ಲ, ಹೋಗು ಅನ್ನಲೂ ಇಲ್ಲ. ಎಲ್ಲ ನುಂಗಿಕೊಂಡು ಒಂದು ದಿನ ಸಂನ್ಯಾಸಕ್ಕೆ ಹೊರಟ. ರಾಜ್ಯ, ಮಗ, ಸುಖ ಎಲ್ಲ ಇರುವಾಗ ಗಂಡ ಇದ್ದಕ್ಕಿದ್ದ ಹಾಗೆ ಎಲ್ಲವನ್ನೂ ಬಿಡುತ್ತೇನೆ ಅಂದರೆ ಹೆಂಡತಿಗೆ ಅನುಮಾನ ಬರದೆ ಇರುತ್ತದಾ? ಇವನಿಗೆ ಗೊತ್ತಾಗಿದೆ ಅಂತ ಅವಳಿಗೆ ಹೊಳೆದದ್ದೇ ಆಗ. ಹೊಳೆದ ಮೇಲೆ ಊಟಕ್ಕೆ ಕರೆದಳು.

“ಹಾಗಾದರೆ ಗಂಡ ಸುಮ್ಮನಿದ್ದದ್ದೇ ಹೆಂಡತಿ ವಿಷ ಹಾಕಿದ್ದಕ್ಕಿಂತ ದೊಡ್ಡ ತಪ್ಪಾ?” ಅಂತ ಹುಡುಗರು ಜಗಳಕ್ಕೆ ಬರುತ್ತಾರೆ. ಹಾಗಲ್ಲಪ್ಪ. ಕೊಲೆಯ ತಪ್ಪು ಕೊಂದವಳದ್ದೇ. ಕೊಲೆಯವರೆಗೆ ಹೋಗದ ಹಾಗೆ ಕಥೆಯನ್ನು ತಿರುಗಿಸುವ ಅವಕಾಶ ಯಾರಿಗಿತ್ತು ಅಂತ ಕೇಳಿದರೆ ನಾನು ಯಶೋಧರನ ಹೆಸರು ಹೇಳುತ್ತೇನೆ. ಅವಕಾಶ ಅವನಿಗೆ ಒಮ್ಮೆಯಲ್ಲ, ಎರಡು ಸಲ ಸಿಕ್ಕಿತು: ಹೆಂಡತಿಯ ಎದುರು, ಆಮೇಲೆ ತಾಯಿಯ ಎದುರು.

ಒಂದು ಮಾತು ಹೇಳಲೇಬೇಕು. 1209ರಲ್ಲಿ ಈ ಕಾವ್ಯ ಬರೆದ ಜನ್ನ, 1230ರ ‘ಅನಂತನಾಥ ಪುರಾಣ’ದಲ್ಲಿ ಇಂಥದೇ ಇನ್ನೊಂದು ಕಥೆ ಹೇಳುತ್ತಾನೆ. ಚಂಡಶಾಸನ ಗೆಳೆಯ ವಸುಷೇಣನ ಮನೆಗೆ ಅತಿಥಿಯಾಗಿ ಬಂದು ಅವನ ಹೆಂಡತಿ ಸುನಂದೆಯನ್ನೇ ಹೊತ್ತೊಯ್ಯುತ್ತಾನೆ. ಗಂಡ ಸತ್ತನೆಂದು ನಂಬಿ ಅವಳು ಪ್ರಾಣ ಬಿಟ್ಟಾಗ ತಾನೂ ಅವಳ ಚಿತೆಗೆ ಬೀಳುತ್ತಾನೆ. ಅದನ್ನು ಪಾಠ ಮಾಡಿದಾಗ ತಪ್ಪು ಯಾರದು ಅಂತ ಒಬ್ಬರೂ ಕೇಳುವುದಿಲ್ಲ. ಅಲ್ಲಿ ಸುನಂದೆ ಬೇಡ ಅಂದಿದ್ದಳು. ಇಲ್ಲಿ ಹೆಣ್ಣು ತಾನಾಗಿ ಬೇಕು ಅಂದಳು. ಕೇಳುವವರಿಗೆ ನಿದ್ದೆಗೆಡಿಸುವುದು ಅದೇ ಅನ್ನಿಸುತ್ತದೆ.

ಅಷ್ಟಾವಂಕನ ಹೆಸರನ್ನಂತೂ ಈ ಪ್ರಶ್ನೆ ಕೇಳುವವರು ಯಾರೂ ಎತ್ತುವುದಿಲ್ಲ. ಅವನು ತನ್ನ ಖುಷಿಗೆ ಹಾಡಿದ, ಅದರಲ್ಲಿ ತಪ್ಪೇನಿಲ್ಲ. ಆದರೆ ತಡವಾಗಿ ಬಂದಳು ಅಂತ ಹೆಂಗಸಿನ ಮುಡಿ ಹಿಡಿದು ಹೊಡೆದವನು ಅವನೇ. ಈ ಕಥೆಯಲ್ಲಿ ತಪ್ಪಿನ ಪಟ್ಟಿ ಬರೆಯಲು ಕೂತವರು ಅವನನ್ನೂ ಬರೆದುಕೊಳ್ಳಿ.